ಪಂಚಾಯಿತಿಯ ಹವಾಮಾನ ಕೆಲಸ: ಕರೆಂಟ್ ಬಿಲ್ಲಿನಿಂದ ಕೆರೆ ಕೋಡಿಯವರೆಗೆ

ಹವಾಮಾನ ಬದಲಾವಣೆಯ ವಿಷಯವನ್ನು ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಎತ್ತಿದವರಿಗೆ ಸಿಗುವ ಮೊದಲ ಉತ್ತರ ಬಹುತೇಕ ಒಂದೇ: ‘ಅದಕ್ಕೆ ಅನುದಾನ ಎಲ್ಲಿದೆ?’ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಪಂಚಾಯಿತಿಯ ಆಯವ್ಯಯದಲ್ಲಿ ಹವಾಮಾನ ಎಂಬ ಲೆಕ್ಕಶೀರ್ಷಿಕೆಯನ್ನು ಹುಡುಕಿದರೆ ಸಿಗುವುದಿಲ್ಲ. ಆದರೆ ಕುಡಿಯುವ ನೀರಿನ ಮೋಟಾರು, ಬೀದಿದೀಪ, ಕೆರೆ, ಗುಂಡುತೋಪು, ಕಸದ ಗಾಡಿ ಇವೆಲ್ಲ ಅದೇ ಆಯವ್ಯಯದಲ್ಲಿ ಈಗಾಗಲೇ ಇವೆ, ಮತ್ತು ಒಂದು ಪಂಚಾಯಿತಿ ತನ್ನ ಮಟ್ಟದಲ್ಲಿ ಮಾಡಬಹುದಾದ ಹವಾಮಾನದ ಕೆಲಸದ ಬಹುಪಾಲು ಇವುಗಳೊಳಗೇ ಅಡಗಿದೆ. ಹೊಸ ಯೋಜನೆಗಾಗಿ ತಾಲ್ಲೂಕು ಕೇಂದ್ರಕ್ಕೆ ಅಲೆಯುವ ಮೊದಲು, ಹೇಗೂ ಆಗುತ್ತಿರುವ ಖರ್ಚಿನ ದಿಕ್ಕನ್ನು ಹೇಗೆ ತಿರುಗಿಸಬಹುದು ಎಂಬುದನ್ನು ಅಧ್ಯಕ್ಷರು, ಸದಸ್ಯರು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಲ್ಲ ಯುವಕರು, ಸ್ತ್ರೀಶಕ್ತಿ ಸಂಘದ ಮಹಿಳೆಯರು ತಿಳಿದುಕೊಳ್ಳಲಿ ಎಂಬ ಉದ್ದೇಶದಿಂದ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಅಧಿಕಾರದ ವಿಚಾರದಲ್ಲಿ ಸಂಕೋಚ ಬೇಡ. ಸಂವಿಧಾನದ 73ನೇ ತಿದ್ದುಪಡಿಯೊಂದಿಗೆ ಬಂದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಸಣ್ಣ ನೀರಾವರಿ ಮತ್ತು ಜಲಾನಯನ, ಸಾಮಾಜಿಕ ಅರಣ್ಯ, ಉರುವಲು ಮತ್ತು ಮೇವು, ಅಸಾಂಪ್ರದಾಯಿಕ ಇಂಧನ, ಕುಡಿಯುವ ನೀರು ಎಲ್ಲವೂ ಇವೆ. ಸಮಿತಿಗಳ ಕೊರತೆಯೂ ಇಲ್ಲ: ಉತ್ಪಾದನಾ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ, ಸೌಕರ್ಯಗಳ ಸಮಿತಿ ಎಂಬ ಮೂರು ಸ್ಥಾಯಿ ಸಮಿತಿಗಳ ಜೊತೆಗೆ, 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ರಚನೆಯಾಗಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿ ಕಡತದಲ್ಲಾದರೂ ಇದ್ದೇ ಇರುತ್ತದೆ. ಆದ್ದರಿಂದ ‘ಹವಾಮಾನ ಸಮಿತಿ’ ಎಂದು ಮತ್ತೊಂದನ್ನು ಹುಟ್ಟುಹಾಕಿ, ಅದರ ಉದ್ಘಾಟನೆಯಲ್ಲೇ ಉತ್ಸಾಹವನ್ನೆಲ್ಲ ಖರ್ಚು ಮಾಡುವುದು ಬೇಡ ಎಂದು ನನ್ನ ಸಲಹೆ. ನೀರು, ದೀಪ, ಕಸ ಸೌಕರ್ಯಗಳ ಸಮಿತಿಗೆ ಸೇರಲಿ. ಕೆರೆ, ತೋಪು, ಗೋಮಾಳ ಜೀವವೈವಿಧ್ಯ ಸಮಿತಿಗೆ ಸೇರಲಿ. ಪ್ರತಿ ಸಾಮಾನ್ಯ ಸಭೆಯ ನಡಾವಳಿಯಲ್ಲಿ ಇವೆರಡರ ವರದಿಗೂ ಒಂದೊಂದು ಕ್ರಮಸಂಖ್ಯೆ ಇರಲಿ.

ಮೊದಲ ತಿಂಗಳು: ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿ

ಹಿಂದಿನ 12 ತಿಂಗಳ ಕರೆಂಟ್ ಬಿಲ್ಲುಗಳನ್ನೆಲ್ಲ ತರಿಸಿ, ಆರ್.ಆರ್. ನಂಬರಿನ (ಪ್ರತಿ ವಿದ್ಯುತ್ ಸಂಪರ್ಕಕ್ಕಿರುವ ಸಂಖ್ಯೆಯ) ಪ್ರಕಾರ ಒಂದು ಹಾಳೆಯಲ್ಲಿ ಬರೆಯಿಸಿ. ಯಾವ ನಂಬರು ಯಾವ ಮೋಟಾರಿನದು, ಯಾವುದು ಯಾವ ಬೀದಿಯ ದೀಪಗಳದು, ಮೀಟರು ಓಡುತ್ತಿದೆಯೋ ಅಥವಾ ಕೆಟ್ಟು ಸರಾಸರಿ ಬಿಲ್ ಬರುತ್ತಿದೆಯೋ ಎಂಬುದನ್ನು ವಾಟರ್‌ಮನ್ ಜೊತೆಗೆ ನಡೆದು ಹೋಗಿ ಗುರುತಿಸಬೇಕು. ಕಚೇರಿಯಲ್ಲಿ ಕುಳಿತು ಮಾಡಿದ ಪಟ್ಟಿಯನ್ನು ನಂಬುವಂತಿಲ್ಲ. ನಾನು ಕಂಡ ಒಂದು ಪಂಚಾಯಿತಿಯಲ್ಲಿ ಬತ್ತಿಹೋಗಿ ಮೂರು ವರ್ಷವಾದ ಕೊಳವೆಬಾವಿಯೊಂದರ ನಂಬರಿಗೆ ನಿಗದಿತ ಶುಲ್ಕ ತಿಂಗಳು ತಿಂಗಳೂ ಬರುತ್ತಲೇ ಇತ್ತು. ಮೋಟಾರನ್ನು ಎತ್ತಿ ಬೇರೆ ಕಡೆ ಇಳಿಸಿದ್ದರು, ಸಂಪರ್ಕ ಕಡಿತಕ್ಕೆ ಅರ್ಜಿ ಕೊಡುವುದನ್ನು ಎಲ್ಲರೂ ಮರೆತಿದ್ದರು. ಇಂತಹ ಒಂದೆರಡು ಸಂಗತಿ ಸಿಕ್ಕರೆ ಸಾಕು, ಹವಾಮಾನದ ಹೆಸರು ಕೇಳಿ ಆಕಳಿಸುತ್ತಿದ್ದ ಸದಸ್ಯರೂ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಳ್ಳುತ್ತಾರೆ.

ಹೊರಸೂಸುವಿಕೆಯ, ಅಂದರೆ ಊರಿನ ಬಳಕೆಯಿಂದ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡ್‌ನ ಲೆಕ್ಕಕ್ಕೆ ಸಲಹಾ ಸಂಸ್ಥೆ ಬೇಕಾಗಿಲ್ಲ. ನಮ್ಮ ದೇಶದ ಗ್ರಿಡ್ಡಿನ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್, ಒಂದು ಲೀಟರ್ ಡೀಸೆಲ್ಲಿಗೆ ಸುಮಾರು 2.7 ಕಿಲೋ, 14.2 ಕಿಲೋದ ಒಂದು ಅಡುಗೆ ಅನಿಲದ ಸಿಲಿಂಡರಿಗೆ ಸುಮಾರು 42 ಕಿಲೋ ಎಂದು ಹಿಡಿದರೆ, ಪದವಿ ಓದುತ್ತಿರುವ ಊರಿನ ಹುಡುಗ ಹುಡುಗಿಯರು ಎರಡು ಭಾನುವಾರಗಳಲ್ಲಿ ಮುಗಿಸಬಹುದಾದ ಲೆಕ್ಕ ಇದು. ಉದಾಹರಣೆಗೆ, ಚೋಕ್ ಸೇರಿ 50 ವಾಟ್ ಎಳೆಯುವ ಹಳೆಯ ಟ್ಯೂಬ್‌ಲೈಟುಗಳು 300 ಇದ್ದು ದಿನಕ್ಕೆ 12 ಗಂಟೆ ಉರಿದರೆ ವರ್ಷಕ್ಕೆ ಸುಮಾರು 65,700 ಯೂನಿಟ್ ಬೇಕು; ಅವುಗಳ ಜಾಗಕ್ಕೆ 20 ವಾಟ್‌ನ ಎಲ್‌ಇಡಿ ಬಂದರೆ 26,280 ಸಾಕು. ಉಳಿಯುವ 39 ಸಾವಿರ ಚಿಲ್ಲರೆ ಯೂನಿಟ್ಟೆಂದರೆ ಸುಮಾರು 27 ಟನ್ ಇಂಗಾಲದ ಡೈಆಕ್ಸೈಡ್.

ಆದರೆ ದೀಪಗಳನ್ನು ಬದಲಿಸುವ ಮೊದಲು ಮಧ್ಯಾಹ್ನ ಹನ್ನೆರಡು ಗಂಟೆಗೆ ಊರನ್ನು ಒಂದು ಸುತ್ತು ಬನ್ನಿ. ಬೀದಿದೀಪಕ್ಕೆಂದು ಪ್ರತ್ಯೇಕ ತಂತಿ ಎಳೆಯದ ಕಡೆಗಳಲ್ಲಿ ದೀಪವನ್ನು ನೇರವಾಗಿ ಫೇಸಿಗೆ ಕೊಟ್ಟಿರುತ್ತಾರೆ, ಆರಿಸಲು ಸ್ವಿಚ್ಚೇ ಇರುವುದಿಲ್ಲ, ಹಾಗಾಗಿ ಅವು ಹಗಲೂ ಉರಿಯುತ್ತವೆ. 24 ಗಂಟೆ ಉರಿಯುವ ಎಲ್‌ಇಡಿ ದೀಪವೂ ಉಳಿತಾಯದ ದೊಡ್ಡ ಪಾಲನ್ನು ತಾನೇ ತಿಂದುಹಾಕುತ್ತದೆ ಮತ್ತು ಬೇಗ ಕೆಡುತ್ತದೆ. ಬೀದಿದೀಪಕ್ಕೆಂದೇ ಎಳೆಯುವ ಐದನೇ ತಂತಿ, ನಿಯಂತ್ರಣ ಪೆಟ್ಟಿಗೆ, ಟೈಮರ್ ಈ ಮೂರಕ್ಕೆ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಶಾಖಾಧಿಕಾರಿಯಿಂದ ಅಂದಾಜುಪಟ್ಟಿ ಪಡೆದು ಅದನ್ನು ಮೊದಲು ಮುಗಿಸಿ, ದೀಪ ಆಮೇಲೆ.

ಮೋಟಾರಿನ ಕಡೆಗೆ ಬಂದರೆ, ಸಾವಿರ ಲೀಟರ್ ನೀರನ್ನು 100 ಮೀಟರ್ ಆಳದಿಂದ ಎತ್ತಲು ಶೇ 40ರಷ್ಟು ದಕ್ಷತೆಯ ಪಂಪಿಗೆ ಸುಮಾರು 0.7 ಯೂನಿಟ್ ಬೇಕು, 200 ಮೀಟರಿನಿಂದಾದರೆ ಅದರ ಎರಡರಷ್ಟು. ಅಂದರೆ ಅಂತರ್ಜಲ ಕುಸಿದಷ್ಟೂ ಕರೆಂಟ್ ಬಿಲ್ ಏರುತ್ತದೆ, ಮತ್ತು ಕೆರೆ ತುಂಬಿಸುವುದು ಕೂಡ ವಿದ್ಯುತ್ ಉಳಿತಾಯದ ಕೆಲಸವೇ. ವಾಲ್ವಿನಲ್ಲಿ ಸೋರುವ, ತುಂಬಿದ ಮೇಲೂ ಓವರ್‌ಹೆಡ್ ಟ್ಯಾಂಕಿನಿಂದ ಚೆಲ್ಲುವ ಪ್ರತಿ ಬಿಂದಿಗೆಗೂ ಈ ಬೆಲೆ ಅಂಟಿಕೊಂಡಿರುತ್ತದೆ; ತೇಲುವ ಸ್ವಿಚ್ ಒಂದನ್ನು ಹಾಕಿಸುವುದಕ್ಕಿಂತ ಅಗ್ಗದ ಹವಾಮಾನ ಯೋಜನೆ ನನಗೆ ಗೊತ್ತಿಲ್ಲ.

ಇಷ್ಟಾದ ಮೇಲೆ ಸೌರಶಕ್ತಿ. ತಮಿಳುನಾಡಿನ ಮೆಟ್ಟುಪಾಳಯಂ ಸಮೀಪದ ಓಡಂತುರೈ ಪಂಚಾಯಿತಿ 2006ರಲ್ಲಿ ಸಾಲ ತೆಗೆದು ಸುಮಾರು 1.55 ಕೋಟಿ ರೂಪಾಯಿಗೆ 350 ಕಿಲೋವಾಟ್‌ನ ಗಾಳಿಯಂತ್ರವನ್ನು ಕೊಂಡು, ತನ್ನ ಬಳಕೆ ಮೀರಿದ ವಿದ್ಯುತ್ತನ್ನು ರಾಜ್ಯದ ವಿದ್ಯುತ್ ಮಂಡಳಿಗೆ ಮಾರಿದ ಕಥೆಯನ್ನು ತರಬೇತಿಗಳಲ್ಲಿ ಎಲ್ಲರೂ ಕೇಳಿರುತ್ತಾರೆ. ಗಾಳಿಯಂತ್ರಕ್ಕೆ ಮುನ್ನವೇ ಆ ಪಂಚಾಯಿತಿ ನೀರೆತ್ತುವ ಮತ್ತು ಬೀದಿದೀಪದ ಖರ್ಚನ್ನು ಕಡಿತಗೊಳಿಸುವ ಪ್ರಯೋಗಗಳನ್ನು ನಡೆಸಿತ್ತು ಎಂಬ ಭಾಗವನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ನಮ್ಮಲ್ಲಿ ಚಾವಣಿಯ ಒಂದು ಕಿಲೋವಾಟ್ ಫಲಕದಿಂದ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ನಿರೀಕ್ಷಿಸಬಹುದು. ಪಂಚಾಯಿತಿ ಕಟ್ಟಡ, ಶಾಲೆ, ಆರೋಗ್ಯ ಉಪಕೇಂದ್ರಗಳ ಚಾವಣಿಯಿಂದ ಆರಂಭಿಸಿ. ಮನೆಗಳ ವಿಷಯದಲ್ಲಿ ಒಂದು ತೊಡಕನ್ನು ಒಪ್ಪಿಕೊಳ್ಳಬೇಕು: ಗೃಹಜ್ಯೋತಿಯಿಂದ ಶೂನ್ಯ ಬಿಲ್ ಪಡೆಯುವ ಮನೆಗೆ ಚಾವಣಿ ಸೌರಶಕ್ತಿಯಿಂದ ಕೈಗೆ ಬರುವ ಉಳಿತಾಯ ಕಾಣುವುದಿಲ್ಲ. ಆದ್ದರಿಂದ ಬಿಲ್ ಕಟ್ಟುತ್ತಿರುವವರನ್ನು, ಅಂದರೆ ಹಿಟ್ಟಿನ ಗಿರಣಿ, ಹಾಲಿನ ಶೀತಲೀಕರಣ ಘಟಕವಿರುವ ಡೇರಿ, ಅಂಗಡಿಗಳು ಮತ್ತು 200 ಯೂನಿಟ್ ಮೀರುವ ಮನೆಗಳನ್ನು ಮೊದಲು ಭೇಟಿ ಮಾಡಿ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ತನ್ನ ವ್ಯಾಪ್ತಿಯ ಮನೆಗಳ ಚಾವಣಿಯ ಮೇಲೆ ಅಳವಡಿಕೆಯಾಗುವ ಪ್ರತಿ ಘಟಕಕ್ಕೆ ಸ್ಥಳೀಯ ಸಂಸ್ಥೆಗೂ 1,000 ರೂಪಾಯಿ ಪ್ರೋತ್ಸಾಹಧನವಿದೆ ಎಂಬುದು ಎಷ್ಟೋ ಪಂಚಾಯಿತಿಗಳಿಗೆ ತಿಳಿದಂತಿಲ್ಲ.

ನೀರಿನ ಆಯವ್ಯಯ

ನಿಮ್ಮ ಪಂಚಾಯಿತಿಯ ವಿಸ್ತೀರ್ಣ 1,000 ಹೆಕ್ಟೇರ್, ವಾರ್ಷಿಕ ಮಳೆ ಕೋಲಾರದ ಕಡೆಯಂತೆ 750 ಮಿಲಿಮೀಟರಿನ ಆಸುಪಾಸು ಎಂದಿಟ್ಟುಕೊಳ್ಳಿ. ಒಂದು ಹೆಕ್ಟೇರಿನ ಮೇಲೆ ಬೀಳುವ ಒಂದು ಮಿಲಿಮೀಟರ್ ಮಳೆ ಎಂದರೆ 10,000 ಲೀಟರ್. ಆ ಲೆಕ್ಕದಲ್ಲಿ ಊರಿನ ಮೇಲೆ ವರ್ಷಕ್ಕೆ ಬೀಳುವುದು 750 ಕೋಟಿ ಲೀಟರ್. ತಲಾ 55 ಲೀಟರಿನಂತೆ 5,000 ಜನರಿಗೆ ವರ್ಷಕ್ಕೆ ಬೇಕಾಗುವ ನೀರು ಸುಮಾರು 10 ಕೋಟಿ ಲೀಟರ್. ಈ ಎರಡು ಅಂಕಿಗಳನ್ನು ಗ್ರಾಮಸಭೆಯ ಕರಿಹಲಗೆಯ ಮೇಲೆ ಬರೆದು, ‘ಹಾಗಿದ್ದರೆ ಏಪ್ರಿಲ್‌ನಲ್ಲಿ ಟ್ಯಾಂಕರ್ ಏಕೆ?’ ಎಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರಿ. ಆವಿಯಾಗುವುದೆಷ್ಟು, ಮಣ್ಣು ಹಿಡಿಯುವುದೆಷ್ಟು, ಹರಿದು ಹೋಗುವುದೆಷ್ಟು ಎಂಬ ಚರ್ಚೆ ರೈತರಿಂದಲೇ ಹುಟ್ಟುತ್ತದೆ. ಒಂದು ಎಕರೆ ಭತ್ತಕ್ಕೆ 1,200 ಮಿಲಿಮೀಟರ್ ನೀರು ನಿಲ್ಲಿಸಿದರೆ ಸುಮಾರು 48 ಲಕ್ಷ ಲೀಟರ್ ಆಗುತ್ತದೆ ಎಂಬ ಅಂಕಿಯನ್ನು ಆಗ ಮುಂದಿಡಬೇಕು, ಮೊದಲೇ ಇಟ್ಟರೆ ಭತ್ತ ಬೆಳೆಯುವವರು ತಮ್ಮನ್ನು ಕಟಕಟೆಯಲ್ಲಿ ನಿಲ್ಲಿಸಿದರೆಂದು ಎದ್ದು ಹೋಗುತ್ತಾರೆ.

ಈ ಪದ್ಧತಿಯನ್ನು ದಶಕಗಳ ಕಾಲ ಬಿಡದೆ ನಡೆಸಿದ ಊರು ಮಹಾರಾಷ್ಟ್ರದ ಹಿವ್ರೆ ಬಜಾರ್. ಪೋಪಟರಾವ್ ಪವಾರ್ ಅವರ ನಾಯಕತ್ವದಲ್ಲಿ ಅಲ್ಲಿನ ಗ್ರಾಮಸಭೆ ಮಳೆಗಾಲ ಮುಗಿದ ಮೇಲೆ ಬಿದ್ದ ಮಳೆಯನ್ನು ಲೆಕ್ಕ ಹಾಕಿ, ಕುಡಿಯಲು ಮತ್ತು ಜಾನುವಾರುಗಳಿಗೆ ಬೇಕಾದುದನ್ನು ಮೊದಲು ತೆಗೆದಿಟ್ಟು, ಉಳಿದದ್ದಕ್ಕೆ ತಕ್ಕಂತೆ ಬೆಳೆಯನ್ನು ತೀರ್ಮಾನಿಸುತ್ತದೆ. ನೀರಾವರಿಗೆ ಕೊಳವೆಬಾವಿ ಕೊರೆಯುವುದಿಲ್ಲ ಎಂಬ ಕಟ್ಟಳೆಯನ್ನೂ ಊರು ತಾನೇ ಹಾಕಿಕೊಂಡಿದೆ. ಸಾವಿರಾರು ಕೊಳವೆಬಾವಿಗಳ ಮೇಲೆ ನಿಂತಿರುವ ನಮ್ಮ ಬಯಲುಸೀಮೆಯಲ್ಲಿ ಆ ಕಟ್ಟಳೆಯನ್ನು ಮೊದಲ ವರ್ಷವೇ ತರಲು ಹೋದರೆ ಸಭೆ ಮುರಿಯುತ್ತದೆ, ಆದರೆ ಲೆಕ್ಕವನ್ನು ಮೊದಲ ವರ್ಷವೇ ಆರಂಭಿಸಬಹುದು. ಮಳೆಯ ಅಂಕಿಗಾಗಿ ಪರದಾಡಬೇಕಿಲ್ಲ: ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ, ವರುಣಮಿತ್ರ ಸಹಾಯವಾಣಿಯೂ ಅದರದೇ. ಅದರೊಂದಿಗೆ, ಬಳಕೆ ನಿಂತ ಐದಾರು ಕೊಳವೆಬಾವಿ ಅಥವಾ ತೆರೆದ ಬಾವಿಗಳನ್ನು ಆರಿಸಿಕೊಂಡು, ಪ್ರತಿ ವರ್ಷ ಮೇ ಮತ್ತು ನವೆಂಬರ್ ತಿಂಗಳಲ್ಲಿ ನೀರಿನ ಮಟ್ಟವನ್ನು ಅಳೆದು ಪಂಚಾಯಿತಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ ಇಂತಹ ದಾಖಲೆ ಇದ್ದಿದ್ದರೆ, ಯಾವ ಹಳ್ಳಿಗೆ ಯಾವ ವಾರ ನೀರು ಮುಗಿಯುತ್ತದೆ ಎಂಬುದನ್ನು ಮೊದಲೇ ಹೇಳಬಹುದಾಗಿತ್ತು.

ಕೆರೆಯ ಹೂಳಿಗಿಂತ ಮೊದಲು ಕಾಲುವೆ

ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಹಣವೂ ವಿಶ್ವಾಸವೂ ಹೆಚ್ಚು ಪೋಲಾಗುವುದು ಇಲ್ಲಿಯೇ. ಅಚ್ಚುಕಟ್ಟು (ಕೆರೆಯ ನೀರುಣ್ಣುವ ಜಮೀನು) 40 ಹೆಕ್ಟೇರಿಗಿಂತ ಕಡಿಮೆ ಇರುವ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ಹೊಣೆ. ಕೆರೆಯ ಅಭಿವೃದ್ಧಿ ಎಂದ ಕೂಡಲೇ ಜೆಸಿಬಿ ಇಳಿಸಿ ಹೂಳೆತ್ತುವುದು, ಏರಿಯ ಮೇಲೆ ಕಾಂಕ್ರೀಟ್ ಹಾದಿ ಮಾಡಿ ನಾಮಫಲಕ ನೆಡುವುದು ವಾಡಿಕೆಯಾಗಿದೆ. ಆದರೆ ನೀರು ತರುವ ರಾಜಕಾಲುವೆಯೇ ಮೂರು ಕಡೆ ಮುಚ್ಚಿಹೋಗಿದ್ದರೆ ಆಳ ಮಾಡಿದ ಕೆರೆ ಆಳವಾದ ಒಣ ಹೊಂಡವಾಗಿ ಉಳಿಯುತ್ತದೆ. ಕೆಲಸವನ್ನು ಮೇಲಿನಿಂದ ಕೆಳಕ್ಕೆ ಮಾಡಬೇಕು: ಮೊದಲು ಜಲಾನಯನದ ಗುಡ್ಡದ ಇಳಿಜಾರಿನಲ್ಲಿ ಬದು ಮತ್ತು ಕಂದಕ, ನಂತರ ಕಾಲುವೆ, ನಂತರ ತೂಬು ಮತ್ತು ಕೋಡಿಯ ದುರಸ್ತಿ, ಕೊನೆಯಲ್ಲಿ ಹೂಳು. ಹೂಳೆತ್ತುವಾಗಲೂ ಮೇಲಿನ ಫಲವತ್ತಾದ ಗೋಡನ್ನು ರೈತರು ತಮ್ಮ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಒಯ್ಯಲು ಬಿಟ್ಟರೆ ಸಾಗಣೆಯ ಖರ್ಚು ಉಳಿಯುತ್ತದೆ, ಹೊಲಕ್ಕೆ ಗೊಬ್ಬರವೂ ಆಗುತ್ತದೆ. ಊರಿನಲ್ಲಿ ನೀರುಗಂಟಿ (ಕೆರೆಯ ನೀರನ್ನು ಹಂಚುವವರ) ಮನೆತನದ ಹಿರಿಯರು ಯಾರಾದರೂ ಉಳಿದಿದ್ದರೆ ಎಂಜಿನಿಯರನ್ನು ಅವರ ಜೊತೆ ಒಂದು ದಿನ ಕಾಲುವೆಯುದ್ದಕ್ಕೂ ನಡೆಸಿ. ಯಾವ ಕಲ್ಲಿನ ಕೆಳಗೆ ಹಳೆಯ ಮೋರಿ ಹೂತುಹೋಗಿದೆ ಎಂಬುದು ನಕ್ಷೆಯಲ್ಲಿ ಇರುವುದಿಲ್ಲ.

ಒತ್ತುವರಿಯೇ ನಿಜವಾದ ಪರೀಕ್ಷೆ. ಕಾಲುವೆಯನ್ನು ಉತ್ತು ರಾಗಿ ಬಿತ್ತಿರುವವರು ಸದಸ್ಯರ ಚಿಕ್ಕಪ್ಪನೋ, ಕಳೆದ ಚುನಾವಣೆಯಲ್ಲಿ ಬೆನ್ನಿಗೆ ನಿಂತವರೋ ಆಗಿರುತ್ತಾರೆ. ಅಧ್ಯಕ್ಷರು ಒಬ್ಬರೇ ಎದುರು ಹಾಕಿಕೊಂಡರೆ ಅದು ವೈಯಕ್ತಿಕ ಹಗೆತನವಾಗಿ ಮುಗಿಯುವುದನ್ನು ಹಲವು ಕಡೆ ಕಂಡಿದ್ದೇನೆ. ಅದರ ಬದಲು ಗ್ರಾಮ ನಕ್ಷೆಯ ಆಧಾರದಲ್ಲಿ ಇಡೀ ಕಾಲುವೆಯ ಅಳತೆಗೆ ತಹಶೀಲ್ದಾರರಿಗೆ ಪತ್ರ ಬರೆಯಬೇಕು, ಭೂಮಾಪಕರು ಬಂದ ದಿನ ಊರಿನವರೆಲ್ಲರ ಎದುರು ಗಡಿಕಲ್ಲು ನೆಡಿಸಬೇಕು, ಆ ನಕ್ಷೆಯನ್ನು ಗ್ರಾಮಸಭೆಯಲ್ಲಿ ಹೆಸರುಗಳನ್ನು ಓದದೆ, ಬರೀ ಸರ್ವೆ ನಂಬರುಗಳೊಂದಿಗೆ ಮಂಡಿಸಿ ಠರಾವು ಮಾಡಬೇಕು. ತೆರವಿನ ಕ್ರಮ ಕಂದಾಯ ಇಲಾಖೆಯಿಂದ ನಡೆಯಲಿ. ಬೆಳೆ ಕೊಯ್ಲಾಗುವವರೆಗೆ ಕಾಯುವ ಸೌಜನ್ಯ ತೋರಿಸಿದರೆ ಅರ್ಧದಷ್ಟು ಮಂದಿ ತಾವಾಗಿಯೇ ಬಿಟ್ಟುಕೊಡುತ್ತಾರೆ. ಇನ್ನುಳಿದ ಅರ್ಧಕ್ಕೆ ತಾಳ್ಮೆ ಬೇಕು, ಕೆಲವೊಮ್ಮೆ ಒಂದು ಇಡೀ ಅವಧಿಯೇ ಬೇಕಾಗುತ್ತದೆ.

ಗಿಡಗಳ ವಿಚಾರ ಬಂದಾಗ, ಜೂನ್ 5ರಂದು ನೆಟ್ಟ ಗಿಡಗಳ ಸಂಖ್ಯೆಯನ್ನು ಪತ್ರಿಕೆಗೆ ಕೊಡುವುದನ್ನು ನಿಲ್ಲಿಸಿ, ಎರಡು ಬೇಸಿಗೆ ದಾಟಿ ಬದುಕಿದ ಗಿಡಗಳ ಸಂಖ್ಯೆಯನ್ನು ಮಾತ್ರ ನಡಾವಳಿಯಲ್ಲಿ ಬರೆಯುವ ಪದ್ಧತಿ ತನ್ನಿ. ಒಂದೇ ಗುಂಡಿಯಲ್ಲಿ ಮೂರು ವರ್ಷ ಮೂರು ಸಲ ಗಿಡ ನೆಟ್ಟು ಮೂರು ಸಲ ಛಾಯಾಚಿತ್ರ ತೆಗೆಸಿಕೊಂಡ ತೋಪುಗಳಿವೆ. ಬೇಸಿಗೆಯಲ್ಲೇ ಗುಂಡಿ ತೋಡಿ ಮಣ್ಣು ಕಾಯಲು ಬಿಡಿ. ಮೊದಲ ಹದ ಮಳೆಯ ನಂತರ ಹೊಂಗೆ, ಬೇವು, ನೇರಳೆ, ಹುಣಸೆ, ಅತ್ತಿ, ನೀರಿನ ಬದಿಗೆ ಹೊಳೆಮತ್ತಿ ಹೀಗೆ ಊರಿನ ಮಣ್ಣು ಬಲ್ಲ ಜಾತಿಗಳನ್ನು ನೆಡಿ. ನೀಲಗಿರಿಯ ಹೊಸ ನಾಟಿಯನ್ನು ರಾಜ್ಯ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಕಾವಲಿನ ಕೂಲಿಯನ್ನು ಬದುಕಿದ ಗಿಡದ ಲೆಕ್ಕದಲ್ಲಿ ಪಾವತಿಸುವಂತೆ ಅಂದಾಜುಪಟ್ಟಿ ಮಾಡಿಸಿ. ನಮ್ಮ ಗುಂಡ್ಲುಪೇಟೆ, ಎಚ್.ಡಿ. ಕೋಟೆಗಳ ಪಕ್ಕದ ವಯನಾಡಿನ ಮೀನಂಗಾಡಿ ಪಂಚಾಯಿತಿ 2016ರಲ್ಲಿ ಇಂಗಾಲ ಸಮತೋಲನದ ಗುರಿ ಇಟ್ಟುಕೊಂಡು ಊರಿನ ಹೊರಸೂಸುವಿಕೆಯ ಲೆಕ್ಕ ಮಾಡಿಸಿತು, ಆಮೇಲೆ ‘ಮರ ಬ್ಯಾಂಕ್’ ಎಂಬ ಏರ್ಪಾಡಿನಲ್ಲಿ ರೈತರು ಬೆಳೆಸುವ ಪ್ರತಿ ಮರದ ಮೇಲೆ ವರ್ಷಕ್ಕೆ 50 ರೂಪಾಯಿ ಬಡ್ಡಿರಹಿತ ಸಾಲ ಕೊಡಿಸಿತು. ಮರವನ್ನು ಉಳಿಸಿಕೊಳ್ಳಲು ರೈತನಿಗೊಂದು ಕಾರಣ ಬೇಕು ಎಂಬುದನ್ನು ಅವರು ಸರಿಯಾಗಿ ಗ್ರಹಿಸಿದ್ದರು.

ಕಸ, ಬಿಸಿಲು, ನೆರೆ

ಕಸದ ಬಗ್ಗೆ ಈಗ ಎಲ್ಲರಿಗೂ ತಕ್ಕಮಟ್ಟಿಗೆ ತಿಳಿದಿದೆ. ಮಹಿಳಾ ಒಕ್ಕೂಟಗಳು ಸ್ವಚ್ಛವಾಹಿನಿ ಎಂಬ ಕಸದ ಗಾಡಿಗಳನ್ನು ಓಡಿಸುತ್ತಿವೆ, ಕಾರ್ಕಳದ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣ ಕಸವನ್ನು ಒಟ್ಟಿಗೆ ವಿಂಗಡಿಸುವ ಘಟಕವಿದೆ. ನಾನು ಒತ್ತಿ ಹೇಳಬೇಕಾದದ್ದು ಎರಡೇ. ಊರಂಚಿನಲ್ಲಿ ಕಸಕ್ಕೆ ಬೆಂಕಿ ಹಚ್ಚುವುದನ್ನು ಮೊದಲು ಪಂಚಾಯಿತಿಯ ಸಿಬ್ಬಂದಿಯೇ ನಿಲ್ಲಿಸಬೇಕು. ಮತ್ತು ಗಾಡಿಯವರಿಗೆ ಸಂಬಳ ತಪ್ಪದೆ ಸಿಗುವಂತೆ ಮನೆಗಳ ಸೇವಾ ಶುಲ್ಕದ ವಸೂಲಿಯನ್ನು ಮೊದಲ ತಿಂಗಳಿನಿಂದಲೇ ಶುರು ಮಾಡಬೇಕು, ಉಚಿತವೆಂದು ಆರು ತಿಂಗಳು ನಡೆಸಿ ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ. ಹಸಿ ಕಸ ಮತ್ತು ಸಗಣಿ ಹೆಚ್ಚಿರುವಲ್ಲಿ ಗೋಬರ್ ಗ್ಯಾಸ್ ಇಂದಿಗೂ ಒಳ್ಳೆಯ ಆಯ್ಕೆ: ನಾಲ್ಕೈದು ಹಸುಗಳ ಮನೆಯಲ್ಲಿ ದಿನಕ್ಕೆ 50 ಕಿಲೋ ಸಗಣಿ ಸಿಕ್ಕರೆ ಎರಡು ಘನಮೀಟರಿನ ಘಟಕ ನಡೆಯುತ್ತದೆ.

ಬಿಸಿಲಿನ ತಯಾರಿ ಕಲಬುರಗಿ, ರಾಯಚೂರಿನ ಕಡೆ ಪ್ರಾಣ ಉಳಿಸುವ ಕೆಲಸ. ಏಪ್ರಿಲ್ ಮೇ ತಿಂಗಳಲ್ಲಿ ಕೂಲಿ ಕೆಲಸವನ್ನು ಬೆಳಗಿನ ಜಾವ ಆರಂಭಿಸಿ ಹತ್ತೂವರೆ ಹನ್ನೊಂದರೊಳಗೆ ಮುಗಿಸುವುದು, ಕೆಲಸದ ಜಾಗದಲ್ಲಿ ನೆರಳು ಮತ್ತು ನೀರು, ತಗಡಿನ ಚಾವಣಿಯ ಅಂಗನವಾಡಿಗೆ ಬಿಳಿ ಸುಣ್ಣ, ಒಂಟಿಯಾಗಿ ವಾಸಿಸುವ ವೃದ್ಧರ ಪಟ್ಟಿ ಆಶಾ ಕಾರ್ಯಕರ್ತೆಯ ಕೈಯಲ್ಲಿ, ಇಷ್ಟು ಇದ್ದರೆ ಆರಂಭಕ್ಕೆ ಸಾಕು. ಮಲೆನಾಡು, ಕೊಡಗು, ಉತ್ತರ ಕನ್ನಡದವರಿಗೆ ಇದೇ ಜಾಗದಲ್ಲಿ ಧರೆ ಕುಸಿತದ ಪಟ್ಟಿ ಬರಬೇಕು: 2018ರ ಕೊಡಗು, 2024ರ ಶಿರೂರು ನೆನಪಿರುವವರಿಗೆ, ಇಳಿಜಾರನ್ನು ಕಡಿದಾಗಿ ಕಡಿದು ಕಟ್ಟಿದ ಮನೆಗಳನ್ನು ಮೇ ತಿಂಗಳಲ್ಲೇ ಗುರುತಿಸಬೇಕೆಂದು ವಿವರಿಸಬೇಕಾಗಿಲ್ಲ.

ಹಣ ಮತ್ತು ಕಾಲ

ಇಷ್ಟೆಲ್ಲವೂ ಕಾರ್ಯರೂಪಕ್ಕೆ ಬರುವುದು ‘ನಮ್ಮ ಗ್ರಾಮ ನಮ್ಮ ಯೋಜನೆ’ಯಲ್ಲಿ, ಅಂದರೆ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿದಾಗ ಮಾತ್ರ. ಅದರ ಪ್ರಕ್ರಿಯೆ ಅಕ್ಟೋಬರ್ 2ರಿಂದ ಚುರುಕಾಗುತ್ತದೆ. ಆದ್ದರಿಂದ ಬಿಲ್ಲಿನ ಹಾಳೆ, ನೀರಿನ ಲೆಕ್ಕ, ಕಾಲುವೆಯ ನಕ್ಷೆ ಈ ಮೂರೂ ಸೆಪ್ಟೆಂಬರ್ ಒಳಗೆ ಸಿದ್ಧವಾಗಿದ್ದು ವಾರ್ಡ್ ಸಭೆಗಳಿಗೆ ಹೋಗಬೇಕು. ವಾರ್ಡ್ ಸಭೆಯ ನಡಾವಳಿಯಲ್ಲಿ ಬರದ ಕಾಮಗಾರಿಯನ್ನು ಆಮೇಲೆ ತುರುಕುವುದು ಕಷ್ಟ, ತುರುಕಿದರೂ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ. 15ನೇ ಹಣಕಾಸು ಆಯೋಗದ 2021–26ರ ಅವಧಿಯಲ್ಲಿ ಅನುದಾನದ ಶೇ 60ರಷ್ಟು ನಿರ್ಬಂಧಿತವಾಗಿದ್ದು, ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು ಮತ್ತು ನೀರಿನ ಮರುಬಳಕೆಗೆ ಮೀಸಲಾಗಿತ್ತು. ಅಂದರೆ ಅನುದಾನದ ನಿಯಮವೇ ದಾರಿ ತೋರಿಸಿತ್ತು, ಆ ಹಣವನ್ನು ಪ್ರತಿ ವರ್ಷ ಹೊಸ ಕೊಳವೆಬಾವಿ ಕೊರೆಯುವುದಕ್ಕೆ ಸುರಿದದ್ದು ನಮ್ಮ ಆಯ್ಕೆ. ಬದು, ಕಂದಕ, ಕಾಲುವೆ, ಕೃಷಿಹೊಂಡ, ತೋಪಿನ ಕಾಮಗಾರಿಗಳಿಗೆ ಉದ್ಯೋಗ ಖಾತರಿಯೇ ದೊಡ್ಡ ಆಧಾರವಾಗಿ ಬಂದಿದೆ. ಅದರ ನಿಯಮಗಳು ಬದಲಾಗುತ್ತಲೇ ಇರುವುದರಿಂದ ಆಯಾ ವರ್ಷದ ಸುತ್ತೋಲೆಯನ್ನು ಓದಿಯೇ ಕ್ರಿಯಾಯೋಜನೆ ಬರೆಯಿರಿ. ದೀಪ ಮತ್ತು ಮೋಟಾರಿನಲ್ಲಿ ಉಳಿದ ಹಣವನ್ನು ಸಾಮಾನ್ಯ ಖರ್ಚಿನಲ್ಲಿ ಕರಗಲು ಬಿಡದೆ, ಠರಾವಿನ ಮೂಲಕ ನೀರಿನ ಕೆಲಸಕ್ಕೇ ತಿರುಗಿಸುವುದು ಒಳ್ಳೆಯದು.

ಇನ್ನೊಂದು ವ್ಯಾವಹಾರಿಕ ಮಾತು. 2020ರ ಚುನಾವಣೆಯ ನಂತರದ ಅವಧಿಯಲ್ಲಿ ಅಧ್ಯಕ್ಷರ ಅಧಿಕಾರ 30 ತಿಂಗಳಿಗೆ ಬದಲಾಯಿತು, ಪಿಡಿಒ ವರ್ಗಾವಣೆ ಅದಕ್ಕೂ ಮುಂಚೆ ಬರಬಹುದು. ಕಾಲುವೆಯ ತೆರವಾಗಲಿ, ಗಿಡದ ಎರಡು ಬೇಸಿಗೆಯಾಗಲಿ ಅಷ್ಟರೊಳಗೆ ಮುಗಿಯುವುದಿಲ್ಲ. ಆದ್ದರಿಂದ ಒಂದು ದಪ್ಪ ರಟ್ಟಿನ ರಿಜಿಸ್ಟರ್ ತೆರೆಯಿರಿ. ಆರ್.ಆರ್. ನಂಬರುಗಳ ಹಾಳೆ, ಬಾವಿಗಳ ಮೇ ಮತ್ತು ನವೆಂಬರ್ ಮಟ್ಟ, ಸರ್ವೆ ನಕ್ಷೆಯ ಪ್ರತಿ, ಬದುಕಿದ ಗಿಡಗಳ ಎಣಿಕೆ, ಠರಾವುಗಳ ಸಂಖ್ಯೆ ಮತ್ತು ದಿನಾಂಕ, ಇಷ್ಟೇ ಅದರಲ್ಲಿ ಇರಲಿ. ಪ್ರತಿ ವರ್ಷದ ಜಮಾಬಂದಿಯ (ಪಂಚಾಯಿತಿಯ ಲೆಕ್ಕಪತ್ರಗಳನ್ನು ಸಾರ್ವಜನಿಕರ ಮುಂದೆ ಪರಿಶೀಲಿಸುವ) ದಿನ ನಗದು ಪುಸ್ತಕದ ಪಕ್ಕದಲ್ಲಿ ಅದನ್ನೂ ಸಾರ್ವಜನಿಕರ ಮುಂದೆ ಇಡಿ, ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಬೀಗದ ಕೈ ಮತ್ತು ಮೊಹರಿನ ಜೊತೆಗೆ ಅದರ ಹೆಸರನ್ನೂ ಬರೆಯಿಸಿ ಸಹಿ ಪಡೆಯಿರಿ.